ದಾರ, ಸೀಮೆಸುಣ್ಣ, ಹಳೆಯ ಮಾರಿಸ್

1947ರ ಕೊನೆಯ ಭಾಗದಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಅಂಚಿನ ಕೌಲಿಯಲ್ಲಿರುವ ಮೋಟಾರು ಕಾರ್ಖಾನೆಯಲ್ಲಿ ಒಂದು ವಿಚಿತ್ರ ಶಸ್ತ್ರಚಿಕಿತ್ಸೆ ನಡೆಯಿತು. ಹೊಸದೊಂದು ಪುಟ್ಟ ಕಾರಿನ ಮಾದರಿ ಬಹುಮಟ್ಟಿಗೆ ಸಿದ್ಧವಾಗಿತ್ತು. ಆದರೆ ಅದರ ವಿನ್ಯಾಸಕಾರರಾದ ಅಲೆಕ್ ಇಸಿಗೋನಿಸ್ ಅವರ ಕಣ್ಣಿಗೆ ಗಾಡಿ ಏಕೋ ಇಕ್ಕಟ್ಟಾಗಿ ಕಂಡಿತು. ಅವರು ಅದನ್ನು ಮೂಗಿನಿಂದ ಬಾಲದವರೆಗೆ ಉದ್ದಕ್ಕೆ ಕೊಯ್ಯಿಸಿ ಎರಡು ಹೋಳು ಮಾಡಿಸಿದರು. ಹೋಳುಗಳನ್ನು ಒಂದರಿಂದೊಂದು ದೂರ ಸರಿಸುತ್ತಾ ಹೋಗಿ, ಕಣ್ಣಿಗೆ ಸರಿಯೆನಿಸಿದಾಗ ನಿಲ್ಲಿಸಿದರು. ಅಳೆದು ನೋಡಿದರೆ ನಡುವಿನ ಅಂತರ 4 ಅಂಗುಲ. ಆ 4 ಅಂಗುಲದ ಗುರುತು ಕಾರಿನ ಮೂತಿಯ ಮುಚ್ಚಳದ ನಡುವೆ ಉಬ್ಬಿದ ಪಟ್ಟಿಯಾಗಿ ಕೊನೆಯವರೆಗೂ ಉಳಿಯಿತು.

ಹೀಗೆ ಹುಟ್ಟಿದ್ದೇ ಮಾರಿಸ್ ಮೈನರ್. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಸಂಸ್ಥೆಯ ಯಜಮಾನರಾದ ಲಾರ್ಡ್ ನಫೀಲ್ಡ್ ಅವರಿಗೆ ಅದರ ರೂಪ ಸ್ವಲ್ಪವೂ ಹಿಡಿಸಲಿಲ್ಲ. ಒಡೆದು ನೀರಿನಲ್ಲಿ ಬೇಯಿಸಿದ ಮೊಟ್ಟೆಯಂತಿದೆ ಎಂದು ಅವರು ಹಳಿದರೆಂದು ಪ್ರತೀತಿ. ಆ ಮೊಟ್ಟೆಯೇ 1960ರ ಡಿಸೆಂಬರಿನ ವೇಳೆಗೆ ಹತ್ತು ಲಕ್ಷವಾಯಿತು! ಬ್ರಿಟನ್ನಿನ ಬೇರೆ ಯಾವ ಕಾರೂ ಅಲ್ಲಿಯವರೆಗೆ ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ. ನಮ್ಮ ದೇಶದಲ್ಲಿ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆ ಇದನ್ನೇ 'ಬೇಬಿ ಹಿಂದುಸ್ಥಾನ್' ಎಂಬ ಮುದ್ದಿನ ಹೆಸರಿನಲ್ಲಿ ಹೊರತಂದಿತು. 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕೂಡ ಇದೇ ಮನೆತನದ ಕುಡಿ. ಮಾರಿಸ್ ಆಕ್ಸ್‌ಫರ್ಡ್ ಎಂಬ ದೊಡ್ಡಪ್ಪನ ಮಗನೆಂದರೆ ಸಂಬಂಧ ತಿಳಿದೀತು.

ಈ ಬಂಧುಗಳಿಗೆಲ್ಲ ಮುಂಗಾಲುಗಳ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಸುರುಳಿ ಸ್ಪ್ರಿಂಗಿನ ಬದಲು ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು; ಗಾಲಿ ಮೇಲೆ ಕೆಳಗೆ ಆಡಿದಾಗ ಆ ಸರಳು ತಿರುಚಿಕೊಂಡು ಭಾರವನ್ನು ತಾಳುತ್ತದೆ. ಸ್ಟಿಯರಿಂಗಿಗೆ ಹಲ್ಲುಪಟ್ಟಿ ಮತ್ತು ಅದನ್ನು ಕಚ್ಚಿ ಸರಿಸುವ ಚಿಕ್ಕ ಹಲ್ಲುಗಾಲಿ. 1948ರಲ್ಲಿ ಬಡವರ ಕಾರೊಂದಕ್ಕೆ ಇಂತಹ ಅಂಗಗಳು ದೊರೆತದ್ದು ಭಾಗ್ಯವೇ ಸರಿ. ಮೈನರ್ ತಿರುವಿನಲ್ಲಿ ನಡೆಯುವ ಚಂದವನ್ನು ಒಮ್ಮೆ ಅನುಭವಿಸಿದವರು ಇಂದಿಗೂ ಮರೆಯುವುದಿಲ್ಲ.

ಆದರೆ ಆ ಚಂದ ಉಳಿಯಬೇಕಾದರೆ ಮುಂದಿನ ಎರಡು ಗಾಲಿಗಳು ಪರಸ್ಪರ ಹೊಂದಿಕೊಂಡು ಓಡಬೇಕು. ಇದನ್ನೇ ವರ್ಕ್‌ಷಾಪುಗಳಲ್ಲಿ 'ವೀಲ್ ಅಲೈನ್‌ಮೆಂಟ್' ಎನ್ನುತ್ತಾರೆ. ಇಂದಿನ ದೊಡ್ಡ ಅಂಗಡಿಗಳಲ್ಲಿ ಕ್ಯಾಮೆರಾ, ಕಂಪ್ಯೂಟರುಗಳ ಸಹಾಯದಿಂದ ನಿಮಿಷಾರ್ಧದಲ್ಲಿ ಕೋನಗಳನ್ನು ಅಳೆದು ತೋರಿಸುವ ಯಂತ್ರಗಳಿವೆ. ಯಂತ್ರದ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ ಎಷ್ಟೋ ಕಡೆ ಅದರ ಪಟ್ಟಿಯಲ್ಲಿ ಅರವತ್ತು ವರ್ಷದ ಕಾರಿನ ಹೆಸರೇ ಇರುವುದಿಲ್ಲ; ಸಣ್ಣ ವಯಸ್ಸಿನ ಕೆಲಸಗಾರ ಅಂತಹ ಗಾಡಿಯ ಅಡಿಯನ್ನು ಕಂಡೇ ಇರುವುದಿಲ್ಲ. ಆದುದರಿಂದ ಹಳೆಯ ಕಾರನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದ ಯಜಮಾನರು ಎಷ್ಟೋ ಮಂದಿ, ಭಾನುವಾರದ ಬೆಳಿಗ್ಗೆ ಅಂಗಳದಲ್ಲಿ ತಾವೇ ಈ ಕೆಲಸಕ್ಕೆ ಕೂಡುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿಯಾದರೂ ಎಂತಹುದು? ಗಟ್ಟಿ ದಾರ, ಸೀಮೆಸುಣ್ಣ, ಅಳತೆಪಟ್ಟಿ, ಗಾರೆ ಕೆಲಸದವರ ತೂಗುಗುಂಡು, ಎರಡು ಮೂರು ಮರದ ಪಟ್ಟಿ, ನಾಲ್ಕು ಸ್ಪಾನರುಗಳು.

ಮೊದಲು ಹೊಂದಿಕೆಯೆಂದರೇನೆಂಬುದನ್ನು ನೋಡಬೇಕು. ಮೈನರ್ ಗಾಡಿಯ ಮುಂದಿನ ಗಾಲಿಗಳು, ಮೇಲಿನಿಂದ ನೋಡಿದರೆ, ಸಮಾನಾಂತರವಾಗಿಲ್ಲ. ನಡೆಯುವಾಗ ಹೆಬ್ಬೆರಳುಗಳನ್ನು ಕೊಂಚ ಒಳಗೆ ತಿರುಗಿಸಿಕೊಳ್ಳುವ ಮನುಷ್ಯನಂತೆ ಅವುಗಳ ಮೂಗು ತುಸು ಒಳಮುಖವಾಗಿರುತ್ತದೆ. ಇದಕ್ಕೆ 'ಟೋ-ಇನ್' ಎಂದು ಹೆಸರು. ಗಾಡಿ ಓಡತೊಡಗಿದಾಗ ರಸ್ತೆಯ ತಡೆ ಗಾಲಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಕೀಲುಗಳಲ್ಲಿರುವ ಸಣ್ಣ ಸಡಿಲವೆಲ್ಲ ಹಿಗ್ಗಿ ಗಾಲಿಗಳ ಮೂಗು ಹೊರಕ್ಕೆ ಸರಿಯುತ್ತದೆ. ನಿಂತಾಗ ಒಳಮುಖವಾಗಿದ್ದದ್ದು ಓಡುವಾಗ ನೇರವಾಗಲಿ ಎಂಬುದೇ ಈ ಏರ್ಪಾಡಿನ ಮರ್ಮ. ಎದುರಿನಿಂದ ನೋಡಿದರೆ ಗಾಲಿಯ ತಲೆ 1 ಡಿಗ್ರಿಯಷ್ಟು ಹೊರಕ್ಕೆ ವಾಲಿದೆ, ಅದು 'ಕ್ಯಾಂಬರ್'. ಪಕ್ಕದಿಂದ ನೋಡಿದರೆ ಗಾಲಿ ತಿರುಗುವ ಅಚ್ಚುಗೂಟದ ತಲೆ 3 ಡಿಗ್ರಿ ಹಿಂದಕ್ಕೆ ಒರಗಿದೆ, ಅದು 'ಕ್ಯಾಸ್ಟರ್'. ಸೈಕಲ್ಲಿನ ಮುಂದಿನ ಕವಲು ಓರೆಯಾಗಿರುವುದರಿಂದಲೇ ಹುಡುಗರು ಕೈಬಿಟ್ಟು ಸವಾರಿ ಮಾಡಬಲ್ಲರಲ್ಲವೇ? ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದೂ ಇದೇ ಒರಗಿನ ಉಪಕಾರ.

ಮೈನರಿನಲ್ಲಿ ಕ್ಯಾಂಬರ್, ಕ್ಯಾಸ್ಟರುಗಳನ್ನು ತಿದ್ದಲು ಯಾವ ತಿರುಪೂ ಇಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ಅವು ತಪ್ಪಿವೆಯೆಂದರೆ ಯಾವುದೋ ಅಂಗ ಬಾಗಿದೆ, ಸವೆದಿದೆ, ಇಲ್ಲವೇ ತಿರುಚು ಸರಳು ವಯಸ್ಸಿನ ಭಾರಕ್ಕೆ ಕುಸಿದಿದೆ ಎಂದರ್ಥ. ಯಜಮಾನನ ಕೈಗೆ ಬಿಟ್ಟಿರುವುದು ಟೋ-ಇನ್ ಒಂದೇ. ಅದರ ಪ್ರಮಾಣವಾದರೂ ಎಷ್ಟು? ಗಾಲಿಗಳ ಮುಂಭಾಗದಲ್ಲಿ ಎರಡು ರಿಮ್ಮುಗಳ ನಡುವಿನ ಅಂತರ, ಹಿಂಭಾಗದ ಅಂತರಕ್ಕಿಂತ ಒಂದು ಅಂಗುಲದ 32ನೆಯ 3 ಭಾಗದಷ್ಟು, ಎಂದರೆ ಸುಮಾರು 2.4 ಮಿಲಿಮೀಟರು ಕಡಿಮೆಯಿರಬೇಕು. ಅಷ್ಟೆ!

ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಗಲಾಟೆಯೇ ಎನ್ನುವವರಿಗೆ ಒಂದು ಲೆಕ್ಕ. ಯಾರೋ ಕೈಯಾಡಿಸಿ ಈ ವ್ಯತ್ಯಾಸ 6 ಮಿಲಿಮೀಟರಿಗೆ ಏರಿದೆಯೆನ್ನೋಣ. ರಿಮ್ಮಿನ ಅಡ್ಡಳತೆ ಸುಮಾರು 380 ಮಿಲಿಮೀಟರು. ಲೆಕ್ಕ ಹಾಕಿದರೆ ಪ್ರತಿಯೊಂದು ಗಾಲಿಯೂ ತಾನು ಹೋಗಬೇಕಾದ ದಿಕ್ಕಿಗೆ ಅರ್ಧ ಡಿಗ್ರಿಯ ಸಮೀಪ ಓರೆಯಾಗಿರುತ್ತದೆ. ಕಣ್ಣಿಗೆ ಕಾಣದ ಓರೆ ಅದು. ಆದರೂ ಒಂದು ಕಿಲೋಮೀಟರು ಓಡುವಷ್ಟರಲ್ಲಿ ಟಯರನ್ನು ಸುಮಾರು 8 ಮೀಟರು ಅಡ್ಡಡ್ಡಲಾಗಿ ರಸ್ತೆಯ ಮೇಲೆ ತೇದಂತಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವಷ್ಟರಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಗಂಧ ತೇಯುವ ಕೆಲಸ! ಹಳೆಯ ಅಳತೆಯ ಟಯರು ಹುಡುಕಿ ತರುವ ಕಷ್ಟವನ್ನು ಬಲ್ಲವರಿಗೆ ಈ ಲೆಕ್ಕ ನೇರವಾಗಿ ಎದೆಗೆ ತಾಗೀತು.

ಟಯರಿನ ಬೆನ್ನೇ ಒಂದು ಪತ್ರಿಕೆ. ಓದಲು ಬಂದರೆ ಬೇರೆ ಸಾಕ್ಷಿ ಬೇಡ. ಅಂಗೈಯನ್ನು ಟಯರಿನ ಮೇಲೆ ಅಡ್ಡಲಾಗಿ, ಗಾಡಿಯ ಒಳಬದಿಯಿಂದ ಹೊರಬದಿಗೆ ಎಳೆದು ನೋಡಬೇಕು. ಆಮೇಲೆ ಹೊರಗಿನಿಂದ ಒಳಕ್ಕೆ. ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ಚುಚ್ಚಿ, ಹೊರಗಿನಿಂದ ಒಳಕ್ಕೆ ನುಣ್ಣಗಿದ್ದರೆ ಟೋ-ಇನ್ ಅತಿಯಾಗಿದೆ. ಇದಕ್ಕೆ ವಿರುದ್ಧವಾಗಿದ್ದರೆ ಗಾಲಿಗಳ ಮೂಗು ಹೊರಕ್ಕೆ ತಿರುಗಿದೆ. ಅಂಚುಗಳು ಮಾತ್ರ ಸವೆದಿದ್ದರೆ ಅದು ಗಾಳಿ ಕಡಿಮೆಯಾದ ದೂರು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾದದ್ದು.

ಇನ್ನು ಅಳೆಯತೊಡಗಬಹುದಲ್ಲವೇ ಎಂದರೆ, ಇಲ್ಲ. ಇಲ್ಲಿಯೇ ಬಹಳ ಮಂದಿ ಎಡವುವುದು. ಸಡಿಲವಾದ ಕೀಲುಗಳ ಗಾಡಿಯನ್ನು ಎಷ್ಟು ಜಾಣತನದಿಂದ ಅಳೆದರೂ ಆ ಅಳತೆ ಮುಂದಿನ ಹಳ್ಳದವರೆಗೆ ಮಾತ್ರ ನಿಂತೀತು. ಅಷ್ಟೇ ಆಗಿದ್ದರೆ ಟಯರಿನ ಹಣ ಹೋಯಿತೆಂದು ಸುಮ್ಮನಿರಬಹುದಾಗಿತ್ತು. ಮೈನರ್ ಗಾಡಿಯಲ್ಲಿ ಅದಕ್ಕಿಂತ ಘೋರವಾದ ಒಂದು ಅಪಾಯ ಹೊಂಚು ಹಾಕಿ ಕುಳಿತಿದೆ.

ಈ ಕಾರಿನ ಗಾಲಿ ತಿರುಗುವ ಅಚ್ಚುಗೂಟದ ಎರಡು ತುದಿಗಳಲ್ಲಿಯೂ ಬೋಲ್ಟಿನಂತೆ ತಿರುಪಿನ ಸುತ್ತುಗಳಿವೆ. ಮೇಲೊಂದು, ಕೆಳಗೊಂದು, ನಟ್ಟಿನಂತಹ ಗಟ್ಟಿ ತುಂಡುಗಳು ಆ ಸುತ್ತುಗಳ ಮೇಲೆ ಕೂತು ಅಚ್ಚುಗೂಟವನ್ನು ಗಾಡಿಯ ತೋಳುಗಳಿಗೆ ಸೇರಿಸುತ್ತವೆ. ಇವುಗಳ ಹೆಸರು 'ಟ್ರನಿಯನ್'. ಪ್ರತಿ ತಿರುವಿನಲ್ಲಿಯೂ ಗೂಟ ಇದರೊಳಗೆ ಒಂದಿಷ್ಟು ತಿರುಗಿ ಬರುತ್ತದೆ. ತಿರುಚು ಸರಳು ಕೆಳಗಿನ ತೋಳನ್ನು ಸದಾ ಕೆಳಕ್ಕೆ ಒತ್ತುತ್ತದೆ, ರಸ್ತೆ ಗಾಲಿಯನ್ನು ಮೇಲಕ್ಕೆ ಒತ್ತುತ್ತದೆ. ಆದುದರಿಂದ ಗಾಡಿಯ ಆ ಮೂಲೆಯ ಭಾರವೆಲ್ಲ ಕೆಳಗಿನ ಟ್ರನಿಯನ್ನಿನ ಸುತ್ತುಗಳಿಗೆ ನೇತುಬಿದ್ದಂತಿದೆ. ಗ್ರೀಸು ಕಾಣದೆ ಒಣಗಿ, ಧೂಳು ತುಂಬಿ, ಸುತ್ತುಗಳು ಸವೆದು ತೆಳುವಾದರೆ ಒಂದು ದಿನ ಅವು ಒಮ್ಮೆಗೇ ಜಾರಿ ಬಿಡುತ್ತವೆ. ತೋಳು ಕಳಚಿ ಕೆಳಗೆ ಬೀಳುತ್ತದೆ. ಗಾಲಿ ಕಾಲು ಮುರಿದ ಕುದುರೆಯಂತೆ ಮಡಿಚಿಕೊಳ್ಳುತ್ತದೆ. ಗಾಡಿಯ ಮೂತಿ ನೆಲಕ್ಕೆ ಊರುತ್ತದೆ. ಅದೃಷ್ಟವಿದ್ದರೆ ಇದು ಮನೆಯ ಗೇಟಿನ ಮುಂದೆ, ನಿಧಾನವಾಗಿ ತಿರುಗಿಸುವಾಗ ಆದೀತು. ಅದೃಷ್ಟವಿಲ್ಲದವರಿಗೆ ಘಾಟಿಯ ಇಳಿಜಾರಿನಲ್ಲಿ, ಹೆಂಡತಿ ಮಕ್ಕಳು ಒಳಗೆ ಕುಳಿತಿರುವಾಗ ಆದೀತು. ಮೈನರನ್ನು ಪ್ರೀತಿಸುವವರೆಲ್ಲ ಒಪ್ಪಿಕೊಳ್ಳುವ ದೋಷವಿದು. ಇದನ್ನು ಮುಚ್ಚಿಟ್ಟು ಹೊಗಳುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಆದುದರಿಂದ ಅಳತೆಪಟ್ಟಿಯನ್ನು ಮುಟ್ಟುವ ಮೊದಲು ಪರೀಕ್ಷೆ. ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ಅಡ್ಡೆ ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ, ಚಾಸಿಯ ಗಟ್ಟಿ ಭಾಗದ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಡಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕುವುದು ಆತ್ಮಹತ್ಯೆಗೆ ಸಮಾನ. ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವುದೂ ಹಾಗೆಯೇ. ಬಳಿಕ ಗಾಲಿಯ ತಲೆಯನ್ನು ಒಂದು ಕೈಯಿಂದಲೂ ಬುಡವನ್ನು ಇನ್ನೊಂದು ಕೈಯಿಂದಲೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಬೇಕು. ಕಟಕಟವೆಂದರೆ ಎಲ್ಲಿಯೋ ಸಡಿಲವಿದೆ. ಮನೆಯವರೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಬೇಕು. ಶಬ್ದ ನಿಂತರೆ ಸಡಿಲವಿರುವುದು ಗಾಲಿಯ ಬೇರಿಂಗಿನಲ್ಲಿ.  ಬ್ರೇಕ್ ಒತ್ತಿದ್ದರೂ ಅಲುಗುತ್ತಲೇ ಇದ್ದರೆ ದೋಷ ಗೂಟದಲ್ಲಿ, ಟ್ರನಿಯನ್ನಿನಲ್ಲಿ ಅಥವಾ ಮೇಲಿನ ತೋಳಿನಲ್ಲಿ. ಮೈನರಿನಲ್ಲಿ ಮೇಲಿನ ತೋಳು ಎಂಬುದು ಬೇರೆಯಲ್ಲ, ಷಾಕ್ ಅಬ್ಸಾರ್ಬರಿನ ಕೈಯೇ ಆ ತೋಳು, ಅದೂ ಸವೆಯುತ್ತದೆ.

ಟ್ರನಿಯನ್ನಿನ ಅನುಮಾನ ಬಂದ ಗಾಡಿಗೆ ಅಂದಿನ ದಿನ ಅಲೈನ್‌ಮೆಂಟ್ ಇಲ್ಲ. ಹೊಸ ಗೂಟ, ಹೊಸ ಟ್ರನಿಯನ್ ಬರುವವರೆಗೆ ಅದು ಅಂಗಳದಲ್ಲಿಯೇ ನಿಲ್ಲಲಿ. ಬ್ರಿಟನ್ನಿನಲ್ಲಿ ಮೈನರಿನ ಬಿಡಿಭಾಗಗಳ ವ್ಯಾಪಾರ ಇಂದಿಗೂ ನಡೆಯುತ್ತಿರುವುದರಿಂದ ತರಿಸುವುದು ಅಸಾಧ್ಯವೇನಲ್ಲ. ಹಾಗೆಯೇ ತಿರುಚು ಸರಳನ್ನು ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬಾರದು. ಅದರಲ್ಲಿ ಅಡಗಿರುವ ಶಕ್ತಿ ತಪ್ಪಿ ಬಿಡುಗಡೆಯಾದರೆ ಕೈ ಮೂಳೆಗೆ ಕನಿಕರ ತೋರದು. ಅದು ಬಲ್ಲ ಮಿಸ್ತ್ರಿಯ ಕೆಲಸ.

ಎಲ್ಲವೂ ಬಿಗಿಯಾಗಿದೆಯೆಂದು ಮನವರಿಕೆಯಾದ ಮೇಲೆ ಟಯರುಗಳ ಗಾಳಿಯನ್ನು ಕೈಪಿಡಿ ಹೇಳಿದಷ್ಟಕ್ಕೆ ತಂದು, ಗಾಡಿಯನ್ನು ಮಟ್ಟವಾದ ನೆಲದ ಮೇಲೆ ನಿಲ್ಲಿಸಬೇಕು. ನೆಲದ ಮಟ್ಟವನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಗಾರೆಯವರು ಗೋಡೆ ಕಟ್ಟುವಾಗ ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನಾಲ್ಕು ಗಾಲಿಗಳ ಜಾಗವನ್ನೂ ಸರಿನೋಡಿದರೆ ಸಂಶಯವೇ ಉಳಿಯುವುದಿಲ್ಲ. ಜಾಕಿಯಿಂದ ಇಳಿದ ಗಾಡಿಯ ಮುಂಗಾಲುಗಳು ಒಳಕ್ಕೆ ಕುಗ್ಗಿಕೊಂಡಿರುತ್ತವೆ. ಆದಕಾರಣ ಅದನ್ನು ಹತ್ತು ಹನ್ನೆರಡು ಅಡಿ ಮುಂದೆ ತಳ್ಳಿ, ಮೂತಿಯನ್ನು ಎರಡು ಮೂರು ಸಲ ಅದುಮಿ ಬಿಡಬೇಕು.

ಈಗ ತೂಗುಗುಂಡಿನ ಸರದಿ. ಮಡ್‌ಗಾರ್ಡಿನ ಅಂಚಿನಿಂದ ಗುಂಡನ್ನು ಇಳಿಬಿಟ್ಟು, ದಾರದಿಂದ ರಿಮ್ಮಿನ ತಲೆಗೆ ಎಷ್ಟು ದೂರ, ಬುಡಕ್ಕೆ ಎಷ್ಟು ದೂರ ಎಂದು ಅಳೆದರೆ ಕ್ಯಾಂಬರ್ ತಿಳಿಯುತ್ತದೆ. 380 ಮಿಲಿಮೀಟರು ಎತ್ತರಕ್ಕೆ 1 ಡಿಗ್ರಿಯೆಂದರೆ 6.6 ಮಿಲಿಮೀಟರು. ಬುಡದ ಅಂತರ ಅಷ್ಟು ಹೆಚ್ಚಾಗಿರಬೇಕು. ಎಡಕ್ಕೂ ಬಲಕ್ಕೂ ಬಹಳ ಭೇದವಿದ್ದರೆ ಒಂದು ಕಡೆಯ ಸರಳು ಕುಸಿದಿದೆ ಅಥವಾ ಯಾವುದೋ ತೋಳು ಬಾಗಿದೆ.

ಅನಂತರ ನೇರ ದಿಕ್ಕನ್ನು ನಿಶ್ಚಯಿಸಬೇಕು. ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದರೆ ಹಲ್ಲುಪಟ್ಟಿ ನಡುವಿಗೆ ಬಂದಂತೆ. ಹಿಂದಿನ ಗಾಲಿಯ ಹಿಂದೆ ಒಂದು ಸ್ಟೂಲು, ಮುಂದಿನ ಗಾಲಿಯ ಮುಂದೆ ಇನ್ನೊಂದು ಸ್ಟೂಲು ಇಟ್ಟು, ಗಾಲಿಯ ನಡುಗುಂಬದ ಎತ್ತರದಲ್ಲಿ ದಾರ ಕಟ್ಟಿ, ಅದು ಹಿಂದಿನ ಟಯರಿನ ಎರಡು ಅಂಚುಗಳನ್ನೂ ಸೋಕುವಂತೆ ಬಿಗಿಯಬೇಕು. ಎರಡು ಪಕ್ಕದಲ್ಲಿಯೂ ಹೀಗೆ ಮಾಡಿ, ಮುಂದಿನ ಗಾಲಿಗಳಿಗೂ ದಾರಕ್ಕೂ ಇರುವ ಅಂತರಗಳನ್ನು ಹೋಲಿಸಬೇಕು. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಅಗಲದಲ್ಲಿ ಭೇದವಿರಬಹುದು. ಅದರಿಂದ ದಾರ ಮುಂದಿನ ಗಾಲಿಗೆ ಮುಟ್ಟಲೇಬೇಕೆಂದಿಲ್ಲ. ಎಡಬಲಗಳ ಅಂತರ ಒಂದೇ ಆಗಿದ್ದರೆ ಸಾಕು. ಹಲ್ಲುಪಟ್ಟಿ ನಡುವಿನಲ್ಲಿದ್ದೂ ಗಾಲಿಗಳು ಒಂದು ಕಡೆಗೆ ತಿರುಗಿದ್ದರೆ, ಹಿಂದೆ ಯಾರೋ ಒಂದೇ ಪಕ್ಕದ ಟೈ ರಾಡನ್ನು ತಿರುಗಿಸಿ ಕೈತೊಳೆದುಕೊಂಡಿದ್ದಾರೆ.

ಟೋ-ಇನ್ ಅಳೆಯಲು ಉದ್ದನೆಯ ಮರದ ಪಟ್ಟಿಯೊಂದರ ತುದಿಗಳಿಗೆ ಎರಡು ಗೂಟಗಳನ್ನು ನೆಟ್ಟಗೆ ನಿಲ್ಲಿಸಿ, ನಡುಗುಂಬದ ಎತ್ತರಕ್ಕೆ ಒಂದೊಂದು ಮೊಳೆ ಹೊಡೆಯಬೇಕು; ಒಂದು ಗೂಟ ಸರಿದಾಡುವಂತಿರಲಿ. ಇದನ್ನು ಗಾಡಿಯ ಕೆಳಗೆ ತೂರಿಸಿ, ಎರಡು ಗಾಲಿಗಳ ಮುಂಭಾಗದ ರಿಮ್ಮಿಗೆ ಮೊಳೆಗಳು ಸೋಕುವಂತೆ ಹೊಂದಿಸಿ, ಸೋಕಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಬಳಿಕ ಗಾಡಿಯನ್ನು ಗಾಲಿಯ ಅರ್ಧ ಸುತ್ತಿನಷ್ಟು, ಎಂದರೆ ಸುಮಾರು ಮೂರು ಅಡಿ, ಮುಂದಕ್ಕೆ ತಳ್ಳಬೇಕು. ಆಗ ಅದೇ ಗುರುತುಗಳು ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬರುತ್ತವೆ. ಪಟ್ಟಿಯನ್ನು ಹಿಂದಕ್ಕೆ ಒಯ್ದು ಅಲ್ಲಿ ಹಿಡಿದರೆ ಮೊಳೆಗೂ ಗುರುತಿಗೂ ಉಳಿಯುವ ಸಂದೇ ಟೋ-ಇನ್. ಅದೇ ಗುರುತನ್ನು ಎರಡು ಸಲವೂ ಅಳೆಯುವುದರಿಂದ ರಿಮ್ಮು ತುಸು ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ಈ ಉಪಾಯದ ಸೊಗಸೇ ಅಲ್ಲಿದೆ. ಗಾಡಿಯನ್ನು ಮುಂದಕ್ಕೆ ಮಾತ್ರ ತಳ್ಳಬೇಕು. ಅಳತೆ ತಪ್ಪಿ ಹೆಚ್ಚು ಉರುಳಿದರೆ ಹಿಂದಕ್ಕೆಳೆಯದೆ ಮತ್ತೊಂದು ಪೂರ್ಣ ಸುತ್ತು ಮುಂದೆ ಹೋಗಬೇಕು. ಹಿಂದಕ್ಕೆಳೆದರೆ ಕೀಲುಗಳ ಸಡಿಲವೆಲ್ಲ ಆಚೆ ಕಡೆಗೆ ಹೊರಳಿ ಸುಳ್ಳು ಹೇಳುತ್ತದೆ. ಮೂರು ಸಲ ಅಳೆದು ಮೂರು ಸಲವೂ ಒಂದೇ ಉತ್ತರ ಬರುವವರೆಗೆ ಸ್ಪಾನರ್ ಎತ್ತಬಾರದು.

ತಿದ್ದುವ ಕೆಲಸ ಚಿಕ್ಕದು. ಟೈ ರಾಡಿನ ತುದಿಯ ಬಿಗಿನಟ್ಟನ್ನು ಸಡಿಲಿಸಿ ರಾಡನ್ನು ತಿರುಗಿಸಿದರೆ ಅದರ ಉದ್ದ ಹೆಚ್ಚು ಕಡಿಮೆಯಾಗುತ್ತದೆ. ಮೈನರಿನಲ್ಲಿ ಹಲ್ಲುಪಟ್ಟಿ ಮುಂದಿನ ಗಾಲಿಗಳ ನಡುರೇಖೆಗಿಂತ ಹಿಂದಿದೆ. ಆದುದರಿಂದ ರಾಡನ್ನು ಉದ್ದ ಮಾಡಿದರೆ ಗಾಲಿಯ ಹಿಂಭಾಗ ಹೊರಕ್ಕೆ ಹೋಗಿ ಮೂಗು ಒಳಕ್ಕೆ ತಿರುಗುತ್ತದೆ. ಹಲ್ಲುಪಟ್ಟಿ ಗಾಲಿಗಳಿಗಿಂತ ಮುಂದಿರುವ ಕಾರುಗಳಲ್ಲಿ ಇದು ತಿರುವುಮುರುವು. ಬಿಚ್ಚುವ ಮೊದಲು ನಟ್ಟಿನ ಹಳೆಯ ಜಾಗಕ್ಕೆ ಬಣ್ಣದ ಚುಕ್ಕೆಯಿಟ್ಟುಕೊಂಡರೆ ದಾರಿ ತಪ್ಪಿದಾಗ ಹಿಂತಿರುಗಬಹುದು. ಎರಡು ಪಕ್ಕಕ್ಕೂ ಸಮನಾಗಿ, ಒಂದು ಸಲಕ್ಕೆ ಕಾಲು ಸುತ್ತು. ಮತ್ತೆ ತಳ್ಳಿ ಅಳತೆ. ಒಂದೇ ಪಕ್ಕ ತಿರುಗಿಸಿದರೆ ಟೋ-ಇನ್ ಸರಿಯಾದೀತು, ಆದರೆ ಹಲ್ಲುಪಟ್ಟಿ ನಡುವಿನಲ್ಲಿ ಉಳಿಯದು. ಗಾಡಿ ಒಂದು ಕಡೆಗೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆಗೆ ಮೊಂಡು ಹಿಡಿಯುತ್ತದೆ. 2.4 ಮಿಲಿಮೀಟರು ಎಂಬುದು ಹಿಂದಿನ ಕಾಲದ ಅಡ್ಡನೂಲಿನ ಟಯರುಗಳಿಗೆ ಹೇಳಿದ ಅಂಕಿ ಎಂಬುದನ್ನೂ ನೆನಪಿಡಬೇಕು. ಈಗಿನ ರೇಡಿಯಲ್ ಟಯರು ಹಾಕಿದವರು ಸಾಮಾನ್ಯವಾಗಿ ಅದಕ್ಕಿಂತ ತುಸು ಕಡಿಮೆಯಲ್ಲಿ ನಿಲ್ಲಿಸುತ್ತಾರೆ.

ತಿರುವಿನಲ್ಲಿ ಒಳಗಾಲಿ ಹೊರಗಾಲಿಗಿಂತ ಹೆಚ್ಚು ತಿರುಗಬೇಕಾದುದರ ಲೆಕ್ಕವನ್ನು ಮಾತ್ರ ಯಜಮಾನ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಮ್ಯೂನಿಕ್ಕಿನ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರ್ ಎಂಬಾತ ಕುದುರೆಗಾಡಿಗಳಿಗಾಗಿ ಅದನ್ನು ಯೋಚಿಸಿಟ್ಟಿದ್ದ. 1818ರಲ್ಲಿ ಲಂಡನ್ನಿನ ಪುಸ್ತಕ ಪ್ರಕಾಶಕ ಆಕರ್‌ಮನ್ ಆತನ ಪರವಾಗಿ ಹಕ್ಕುಪತ್ರ ಪಡೆದುದರಿಂದ, ಇಂದಿಗೂ ಆ ಸೂತ್ರಕ್ಕೆ ಪ್ರಕಾಶಕನ ಹೆಸರೇ ಅಂಟಿಕೊಂಡಿದೆ! ಆ ಕೋನಗಳು ಸ್ಟಿಯರಿಂಗಿನ ತೋಳುಗಳ ಆಕಾರದಲ್ಲಿಯೇ ಅಡಕವಾಗಿವೆ. ತೋಳು ಬಾಗದಿದ್ದರೆ ಅವೂ ಸರಿಯಾಗಿರುತ್ತವೆ.

ನಟ್ಟುಗಳನ್ನು ಬಿಗಿದು, ಟ್ರನಿಯನ್ನುಗಳಿಗೆ ಭಾರ ಇಳಿಸಿ ಹೊಸ ಗ್ರೀಸು ತುಂಬಿ, ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಾಡಿಯನ್ನು ನಿಧಾನವಾಗಿ ಓಡಿಸಿ ನೋಡಬೇಕು. ಗಾಡಿ ನೇರವಾಗಿ ಹೋಗುತ್ತಿದ್ದು ಸ್ಟಿಯರಿಂಗಿನ ಅಡ್ಡಕಡ್ಡಿ ಮಾತ್ರ ವಾಲಿದ್ದರೆ, ಅದನ್ನು ಕಿತ್ತು ನೇರವಾಗಿ ಕೂರಿಸುವ ಆತುರ ಬೇಡ. ಒಂದು ಪಕ್ಕದ ರಾಡನ್ನು ಉದ್ದ ಮಾಡಿದಷ್ಟೇ ಇನ್ನೊಂದು ಪಕ್ಕದ ರಾಡನ್ನು ಗಿಡ್ಡ ಮಾಡಿದರೆ ಕಡ್ಡಿ ನೇರವಾಗುತ್ತದೆ, ಟೋ-ಇನ್ ಕದಲುವುದಿಲ್ಲ. ನೂರು ಕಿಲೋಮೀಟರು ಓಡಿದ ಮೇಲೆ ಬಿಗಿನಟ್ಟುಗಳನ್ನು ಇನ್ನೊಮ್ಮೆ ಸ್ಪಾನರಿನಿಂದ ಮುಟ್ಟಿ ನೋಡಿ, ಟಯರಿನ ಬೆನ್ನ ಮೇಲೆ ಮತ್ತೆ ಅಂಗೈಯಾಡಿಸಬೇಕು. ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ.